ನಾ ಕೇಳಿದೆ ಅಂತ ಹೇಳಬ್ಯಾಡ

ನಮ್ಮೂರಿನಲ್ಲಿ ನಳಕ್ಕೆ ನೀರು ಬಂದ ದಿನವೇ ಹಬ್ಬ. ಅಂಥ ಊರಿನಲ್ಲಿ ಒಬ್ಬ ಹಡಗಿನ ಮನುಷ್ಯ ಇದ್ದರು ಎಂದರೆ ಹೊರಗಿನವರು ನಗುತ್ತಾರೆ. ನಾವೂ ನಗುತ್ತಿದ್ದೆವು. ಅವರು ಬೆಟಗೇರಿಯ ಚಹಾದಂಗಡಿಗೆ ಬಂದು ಕೂತರೆ ಸಾಕು, ಯಾರಾದರೂ ಒಬ್ಬರು, 'ಸಾಹೇಬ್ರ, ನಾಳೆ ನೀರು ಬಿಡ್ತಾರಂತ, ಹಡಗಾ ಹೊರಗ ತಗೀರಿ' ಎಂದು ಕಾಲೆಳೆಯುತ್ತಿದ್ದರು. ಅವರು ಚಹಾವನ್ನು ಬಸಿಗೆ ಸುರುವಿಕೊಂಡು, ಅದು ಆರುವ ತನಕ ಕಾದು, 'ಆತು, ಮೊದ್ಲ ನೀವು ಹತ್ರಿ' ಎನ್ನುತ್ತಿದ್ದರು. ಹೋದ ತಿಂಗಳು ಸಾಹೇಬರು ತೀರಿಕೊಂಡರು. ಮುಂಜಾನೆ ಎದ್ದು ಮುಖ ತೊಳೆದುಕೊಂಡವರು ಹಾಗೆಯೇ ಕಟ್ಟೆಯ ಮೇಲೆ ಒರಗಿದರಂತೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಅಚ್ಚಾಗುವುದು ಅವರಿಗೆ ಸೇರುತ್ತಿರಲಿಲ್ಲ. ಊರೆಲ್ಲ ಕರೆದಂತೆ ನಾನೂ ಸಾಹೇಬರೆಂದೇ ಕರೆಯುತ್ತೇನೆ.

ಅವರ ತಂದೆ ಬೆಟಗೇರಿಯಲ್ಲಿ ಒಂದು ಲೇಥ್ ಇಟ್ಟುಕೊಂಡು ಸುತ್ತಲಿನ ಹಳ್ಳಿಗಳ ಪಂಪುಗಳಿಗೆ ಶಾಫ್ಟು ಕಡೆದು ಕೊಡುತ್ತಿದ್ದರು. ಮಗ ಐಟಿಐ ಮುಗಿಸಿ ಮುಂಬೈಯ ಒಂದು ಹಡಗುಕಟ್ಟೆ ಸೇರಿದರು. ಅಲ್ಲಿ ಯುದ್ಧನೌಕೆ ಕಟ್ಟುತ್ತಿದ್ದರು. ಇಂಜಿನ್ನಿನಿಂದ ಹೊರಟ ಉಕ್ಕಿನ ದಂಡ, ನೀರನ್ನು ತಳ್ಳುವ ರೆಕ್ಕೆಯ ದಂಡ, ಇವೆರಡೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಗೆರೆಯಲ್ಲಿ ಕೂಡುವಂತೆ ಹೊಂದಿಸುವುದು ಅವರ ವಿದ್ಯೆ. ಕೈ ಎಷ್ಟು ಪಳಗಿತ್ತೆಂದರೆ, ನಮ್ಮ ನೌಕಾಪಡೆಗೆಂದು ರಷ್ಯದಲ್ಲಿ ಫ್ರಿಗೇಟುಗಳನ್ನು ಕಟ್ಟಿಸುವಾಗ ಮೇಲ್ವಿಚಾರಣೆಗೆ ಹೋದ ತಂಡದಲ್ಲಿ ಅವರನ್ನೂ ಸೇರಿಸಿದರು. ಫ್ರಿಗೇಟು ಅಂದರೇನೆಂದು ನಾನು ಕೇಳಿದ್ದಕ್ಕೆ, ದೊಡ್ಡ ಹಡಗುಗಳ ಸಂಗಡ ಕಾವಲು ಹೋಗುವ ಚುರುಕು ಹಡಗು ಎಂದಷ್ಟೇ ಹೇಳಿದರು. ಎಷ್ಟು ಜೋರು ಓಡುತ್ತದೆ, ಎಷ್ಟು ಕ್ಷಿಪಣಿ ಹೊರುತ್ತದೆ ಎಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: 'ಎಷ್ಟು ಬೇಕೋ ಅಷ್ಟು.'

ಒಂದು ಶೆಡ್ಡಿನ ಮಾತನ್ನು ಇನ್ನೊಂದು ಶೆಡ್ಡಿಗೆ ಒಯ್ಯಬಾರದು ಎಂಬುದು ಆ ಕೆಲಸಕ್ಕೆ ಸೇರಿದವರ ಮೊದಲ ಪಾಠವಂತೆ. ಪಕ್ಕದಲ್ಲಿ ಕೂತು ಊಟ ಮಾಡುವವನಿಗೂ ನೀನು ಇವತ್ತು ಏನು ಮಾಡಿದೆ ಎಂದು ಹೇಳುವಂತಿಲ್ಲ. ಬೇರೆಯವರು ಆ ಪಾಠವನ್ನು ಗೇಟಿನಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದರು. ಸಾಹೇಬರು ಬಿಡಲಿಲ್ಲ. ಅವರ ಮನೆಯವರು ನನ್ನ ಹೆಂಡತಿಯ ಮುಂದೆ ದೂರುತ್ತಿದ್ದದ್ದುಂಟು, ಈ ಮನುಷ್ಯ ತನ್ನ ಅಕ್ಕನ ಮನೆಗೆ ಹೋಗಿ ಬಂದರೂ ಅಲ್ಲಿ ಏನು ಅಡುಗೆ ಮಾಡಿದ್ದರು ಎಂದು ಬಾಯಿ ಬಿಡುವುದಿಲ್ಲ ಎಂದು. ಇದನ್ನು ನಾವು ಬಹಳ ದಿನ ನಗೆಚಾಟಿಕೆಯಾಗಿಯೇ ತೆಗೆದುಕೊಂಡಿದ್ದೆವು.

ನನ್ನದು ಗದಗಿನಲ್ಲಿ ಒಂದು ಮುದ್ರಣಾಲಯ. ಅಪ್ಪನ ಕಾಲದಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದೆವು, ಈಗ ಆಫ್‌ಸೆಟ್. ಮುಂಡರಗಿ, ಶಿರಹಟ್ಟಿ ಕಡೆಯ ಲಗ್ನಪತ್ರಿಕೆಗಳೇ ಹೆಚ್ಚು. ಸಾಹೇಬರು ನಿವೃತ್ತರಾಗಿ ಊರಿಗೆ ಬಂದ ಹೊಸತರಲ್ಲಿ ಮೊಮ್ಮಗಳ ಜವಳದ ಪತ್ರಿಕೆ ಹಾಕಿಸಲು ಬಂದಿದ್ದರು. ಕರಡು ನೋಡಿರೆಂದು ನಾನು ಕಾಗದ ಕೊಟ್ಟರೆ ಅವರ ಕಿವಿ ಒಳಗಿನ ಮಶೀನಿನ ಕಡೆ ಇತ್ತು. ಎದ್ದು ಒಳಗೆ ಹೋದರು, ನಿಲ್ಲಿಸಲು ಹೇಳಿದರು. ಅಂಗಿಯ ಜೇಬಿನಿಂದ ಉಕ್ಕಿನ ತೆಳ್ಳನೆಯ ಎಲೆಗಳ ಒಂದು ಕಟ್ಟು ತೆಗೆದು, ಒಂದೊಂದೇ ಎಲೆಯನ್ನು ಎರಡು ರೋಲರುಗಳ ನಡುವಿನ ಸಂದಿಗೆ ತೂರಿಸಿ ನೋಡಿದರು. ಹುಬ್ಬಳ್ಳಿಯ ಮೆಕ್ಯಾನಿಕ್ ಎರಡು ಸಲ ಬಂದು ಕೈಚೆಲ್ಲಿದ್ದ ಸದ್ದು ಅರ್ಧ ತಾಸಿನಲ್ಲಿ ನಿಂತಿತು. ನಾನು ಹಿಗ್ಗಿದ್ದನ್ನು ಕಂಡು ಅವರು, ಇನ್ನೊಂದು ತಾಸು ಓಡಿದ ಮೇಲೆ ನೋಡಬೇಕು ಎಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

'ತಣ್ಣಗಿದ್ದಾಗ ಸರಿ ಕಂಡದ್ದು ಬಿಸಿ ಆದಾಗ ಸರಿ ಇರಾಂಗಿಲ್ರಿ' ಎಂದರು. 'ಕಾದ ಕಬ್ಬಿಣ ಮ್ಯಾಲೇಳ್ತೈತಿ. ಅದಕ್ಕ ತಣ್ಣಗಿದ್ದಾಗ ಬೇಕಂತಲೇ ಒಂದೆಳಿ ತಪ್ಪಿಟ್ಟು ಕೂಡಸಬೇಕು. ಆವಾಗ ಓಡೂಮುಂದ ಸರಿ ಬರ್ತೈತಿ.'

ಆವತ್ತಿನಿಂದ ಅವರು ದಿನಾ ಬೆಳಿಗ್ಗೆ ಮಶೀನು ಶುರುವಾಗುವ ಮೊದಲು ಬಂದು ಕೂಡುವುದು ರೂಢಿಯಾಯಿತು. ಬೆಳಗಿನ ಹೊತ್ತು ಅವರಿಗೆ ಕೆಲಸದ ಹೊತ್ತು. ಹಡಗಿನ ದಂಡಗಳನ್ನು ಅಳೆಯುವುದು ಸೂರ್ಯ ಹುಟ್ಟುವ ಮೊದಲೇ ಅಂತೆ. ಬಿಸಿಲು ಒಂದು ಮಗ್ಗುಲಿಗೆ ಬಿದ್ದರೆ ಸಾಕು, ಅಷ್ಟುದ್ದದ ಉಕ್ಕಿನ ಹಡಗು ಬಾಗುತ್ತದೆ. ನಾನು ನಂಬಲಿಲ್ಲ. ಆಗ ಅವರು ತಮ್ಮ ತಾಯಿಯ ತವರು ಕುರ್ತಕೋಟಿಯ ಮಾತು ತೆಗೆದರು. ಎರೆ ನೆಲದ ಮೇಲೆ ಕಟ್ಟಿದ ಮನೆಯ ಬಾಗಿಲು ಮಳೆಗಾಲದಲ್ಲಿ ಬಿಗಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಸಡಿಲಾಗುತ್ತದೆ, ನೆಲವೇ ಅಲುಗುವಾಗ ಬಾಗಿಲನ್ನು ಬೈದು ಏನು ಪ್ರಯೋಜನ ಎಂದರು. ಇದು ನನಗೆ ತಿಳಿಯಿತು. ನಮ್ಮ ಮನೆಯ ಹಿತ್ತಲ ಬಾಗಿಲಿಗೂ ಅದೇ ರೋಗ.

ರಷ್ಯದಲ್ಲಿ ಕಟ್ಟಿದ ಹಡಗನ್ನು ಅವರು 'ಮೂರು ಮನಿ ಹಡಗಾ' ಎನ್ನುತ್ತಿದ್ದರು. ಒಡಲು ರಷ್ಯದ್ದು. ಒಳಗಿನ ಗ್ಯಾಸ್ ಟರ್ಬೈನ್ ಇಂಜಿನ್ನುಗಳು ಉಕ್ರೇನಿನವು. ನೀರಿನ ಕೆಳಗಿನ ಸದ್ದು ಕೇಳುವ ಉಪಕರಣ, ಒಬ್ಬರೊಡನೊಬ್ಬರು ಮಾತಾಡುವ ಯಂತ್ರಗಳು, ಇನ್ನೂ ಕೆಲವು ನಮ್ಮವು. ಒಂದು ಮನೆಯವರು ಮುನಿಸಿಕೊಂಡರೆ ಹಡಗು ದಂಡೆಯಲ್ಲೇ. ಆ ಮೂರೂ ಕೂಡುವ ಜಾಗ ಇಂಜಿನ್ ಕೋಣೆ. ಅಲ್ಲಿ ಸಾಹೇಬರ ಜೊತೆಗೆ ಇನ್ನಿಬ್ಬರು ಇದ್ದರು. ಹಡಗುಕಟ್ಟೆಯ ಕಡೆಯಿಂದ ವಿಕ್ಟರ್ ಎಂಬ ರಷ್ಯದ ಫಿಟ್ಟರ್. ಇಂಜಿನ್ ಮಾಡಿದ ಕಾರ್ಖಾನೆಯ ಕಡೆಯಿಂದ ಮಿಕೋಲಾ ಎಂಬ ಉಕ್ರೇನಿನ ಇಂಜಿನಿಯರ್. ಸಾಹೇಬರ ಬಾಯಲ್ಲಿ ಅವರು ವಿಕ್ಟರಪ್ಪ, ಮಿಕೋಲಪ್ಪ ಆಗಿದ್ದರು. ಕೇಳಿದವರು ಇಬ್ಬರೂ ನರಗುಂದದ ಕಡೆಯವರೆಂದು ತಿಳಿಯಬೇಕು.

ಇಬ್ಬರೂ ಹಾವು ಮುಂಗುಸಿಯ ಹಾಗೆ ದಿನಾ ಜಗಳಾಡುತ್ತಿದ್ದರಂತೆ. ಇಂಜಿನ್ ಸರಿ ಇದೆ, ನಿನ್ನ ಹಡಗೇ ಸೊಟ್ಟ ಎಂದು ಮಿಕೋಲಪ್ಪ. ಹಡಗು ಸರಿ ಇದೆ, ನಿನ್ನ ಇಂಜಿನ್ನೇ ಸೊಟ್ಟ ಎಂದು ವಿಕ್ಟರಪ್ಪ. ಸಾಹೇಬರು ಅಳತೆ ತೆಗೆದು ಹೇಳಿದ್ದೇ ಕೊನೆಯ ಮಾತು. ಅವರ ಅಳತೆಯ ಮೇಲೆ ಇಬ್ಬರಿಗೂ ನಂಬಿಕೆ ಇತ್ತು. ಒಮ್ಮೆ ದೊಡ್ಡ ಅಧಿಕಾರಿಗಳು ನೋಡಲು ಬರುವ ದಿನ, ಬಿಸಿಲೇರಿದ ಮೇಲೆ ತೆಗೆದ ಅಳತೆಗೆ ಸಹಿ ಹಾಕಲು ಇವರು ಒಲ್ಲೆನೆಂದು ಕೂತರಂತೆ. ಆಗ ಆ ಇಬ್ಬರೂ ಇವರ ಎಡಕ್ಕೊಬ್ಬ ಬಲಕ್ಕೊಬ್ಬ ಕೂತು ತಾವೂ ಸಹಿ ಹಾಕಲಿಲ್ಲ. ಹಡಗು ಒಂದು ದಿನ ತಡವಾಯಿತು.

ಮನೆಯಿಂದ ಹೋಗುವಾಗ ಸಾಹೇಬರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುತ್ತಿದ್ದರು. ತಿಂಗಳುಗಟ್ಟಲೆ ಕೆಡದ ಪದಾರ್ಥ. ಮೊದಲ ಸಲ ರೊಟ್ಟಿ ಕಂಡ ವಿಕ್ಟರಪ್ಪ ಅದನ್ನು ಬೆರಳಿನಿಂದ ಬಾರಿಸಿ, ಕಿವಿಯ ಹತ್ತಿರ ಹಿಡಿದು, ಇದು ಯಾವ ಪೈಪಿನ ಜೋಡಣೆಗೆ ಹಾಕುವುದು ಎಂದು ಕೇಳಿದನಂತೆ. ಆಮೇಲೆ ಚಹಾದಲ್ಲಿ ಅದ್ದಿ ತಿನ್ನಲು ಕಲಿತ. ಮಿಕೋಲಪ್ಪ ಚಟ್ನಿಯನ್ನು ಚಮಚೆಯಲ್ಲೇ ತಿಂದು ಕಣ್ಣೀರು ಸುರಿಸುತ್ತ ಇನ್ನಷ್ಟು ಕೇಳುತ್ತಿದ್ದ. ಇದನ್ನು ಹೇಳುವಾಗ ಸಾಹೇಬರು ಬಾಯ್ತುಂಬ ನಗುತ್ತಿದ್ದರು. ಅವರನ್ನು ನೆನೆದಾಗ ನನಗೆ ಮೊದಲು ಕಾಣುವುದು ಆ ನಗೆ.

ಮುಂದೆ ಆ ಎರಡು ದೇಶಗಳ ನಡುವೆ ಸಂಬಂಧ ಕೆಟ್ಟಿತು. ಉಕ್ರೇನಿನವರು ರಷ್ಯಕ್ಕೆ ಇಂಜಿನ್ ಮಾರುವುದನ್ನು ನಿಲ್ಲಿಸಿದರು. ನಮ್ಮ ಪಾಲಿನ ಹಡಗುಗಳು ಹೊಟ್ಟೆ ಬರಿದಾಗಿ ಕಟ್ಟೆಯಲ್ಲಿ ನಿಂತವು. ಕೊನೆಗೆ ನಮ್ಮ ಸರಕಾರವೇ ನಡುವೆ ನಿಂತು ಇಂಜಿನ್ನುಗಳನ್ನು ಉಕ್ರೇನಿನವರ ಕೈಯಿಂದ ಕೊಂಡು ರಷ್ಯದವರ ಕೈಗೆ ಒಪ್ಪಿಸಿತು. ಇಂಜಿನ್ ಬಂತು, ಅದರ ಸಂಗಡ ಬರಬೇಕಾದ ಮಿಕೋಲಪ್ಪ ಬರುವಂತಿರಲಿಲ್ಲ. ಸಾಹೇಬರು ಮೊದಲು ಅವನ ಕಾರ್ಖಾನೆಗೆ ಹೋಗಿ ಅವನ ಬಾಯಿಂದ ಪಾಠ ಹೇಳಿಸಿಕೊಂಡರು, ಆಮೇಲೆ ವಿಕ್ಟರಪ್ಪನ ಕಟ್ಟೆಗೆ ಬಂದು ಜೋಡಣೆಗೆ ನಿಂತರು. ಕೆಲಸದ ನಡುವೆ ವಿಕ್ಟರಪ್ಪನಿಗೆ ಸಂಶಯ ಬಂದರೆ ಇವರು ಬರೆದುಕೊಂಡು, ಮೇಲಿನವರ ಒಪ್ಪಿಗೆ ಪಡೆದು, ಮಿಕೋಲಪ್ಪನಿಗೆ ಫೋನು ಹಚ್ಚಿ ಕೇಳುತ್ತಿದ್ದರು. ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಇವನಿಗೆ ಮುಟ್ಟಿಸುತ್ತಿದ್ದರು. ಹಾಗೆ ಆ ಇಂಜಿನ್ನುಗಳು ಕೂತವು, ಹಡಗು ನೀರಿಗಿಳಿಯಿತು.

ಈ ಕೆಲಸದ ಮಾತುಗಳ ಕೊನೆಗೆ ಇನ್ನೊಂದು ಮಾತು ಬರುತ್ತಿತ್ತಂತೆ. ಫೋನು ಇಡುವ ಮೊದಲು ಮಿಕೋಲಪ್ಪ, ಆ ಮುದುಕನ ಬೆನ್ನುನೋವು ಹೇಗಿದೆ ಎಂದು ಕೇಳುತ್ತಿದ್ದ. ಇತ್ತ ವಿಕ್ಟರಪ್ಪ ಕೈ ಒರೆಸಿಕೊಳ್ಳುತ್ತ, ಅಲ್ಲಿಯವನು ಊಟ ಸರಿಯಾಗಿ ಮಾಡುತ್ತಾನೋ ಇಲ್ಲವೋ ಎನ್ನುತ್ತಿದ್ದ. ಹೆಸರು ಎತ್ತುತ್ತಿರಲಿಲ್ಲ. ಕೇಳಿದ ಮೇಲೆ ಇಬ್ಬರೂ ಹೇಳುತ್ತಿದ್ದ ಮಾತು ಒಂದೇ, ನಾನು ಕೇಳಿದೆ ಎಂದು ಅವನಿಗೆ ಹೇಳಬೇಡ. ಒಬ್ಬನ ಮಗ ಈ ಕಡೆಯ ಸೈನ್ಯದಲ್ಲಿ, ಇನ್ನೊಬ್ಬನ ಅಳಿಯ ಆ ಕಡೆಯ ಸೈನ್ಯದಲ್ಲಿ. ಕೇಳಿದೆನೆಂದು ಗೊತ್ತಾದರೆ ಸೋತಂತೆ ಎಂದು ಇಬ್ಬರಿಗೂ ಇತ್ತು.

ಸಾಹೇಬರು ಹೇಳಲಿಲ್ಲ. ಇಂಜಿನ್ನಿನ ಮಾತನ್ನು ಎಳೆಎಳೆಯಾಗಿ ಮುಟ್ಟಿಸಿದ ಮನುಷ್ಯ ಈ ಒಂದು ಮಾತನ್ನು ಬಾಯಿಗೆ ಬೀಗ ಹಾಕಿ ಕಾಯ್ದರು. ನಿವೃತ್ತರಾಗಿ ಬೆಟಗೇರಿಗೆ ಬಂದ ಮೇಲೂ ಇಬ್ಬರ ಫೋನೂ ಬರುತ್ತಿತ್ತು. ಯುದ್ಧ ದೊಡ್ಡದಾಯಿತು, ಆಗಲೂ ಇಬ್ಬರೂ ಕೇಳಿದರು, ಆಗಲೂ ಇವರು ಹೇಳಲಿಲ್ಲ. ಒಬ್ಬರ ಶೆಡ್ಡಿನ ಮಾತು ಇನ್ನೊಬ್ಬರ ಶೆಡ್ಡಿಗೆ ಹೋಗಬಾರದು ಎಂಬ ಪಾಠವನ್ನು ಮನುಷ್ಯರ ನಡುವಿನ ಮಾತಿಗೂ ಹಚ್ಚಿದ್ದರು. ಅದು ಅವರಂಥ ಪ್ರಾಮಾಣಿಕರು ಮಾತ್ರ ಮಾಡಬಹುದಾದ ತಪ್ಪು.

ಇಲ್ಲಿ ನನ್ನ ಮನೆಯ ವಿಷಯ ಸ್ವಲ್ಪ ಹೇಳಬೇಕು. ನನಗೊಬ್ಬ ತಮ್ಮನಿದ್ದಾನೆ. ಲಕ್ಷ್ಮೇಶ್ವರದಲ್ಲಿ ಅವನದು ನೋಟುಬುಕ್ಕು, ಪೆನ್ನುಗಳ ಅಂಗಡಿ. ನನ್ನ ಮಗಳ ಲಗ್ನಪತ್ರಿಕೆಯನ್ನು ನಾನೇ ಕೂತು ಜೋಡಿಸಿದ್ದೆ. ಹೆಂಡತಿಯ ತವರಿನವರ ಹೆಸರುಗಳು ಬೆಳೆಯುತ್ತ ಹೋಗಿ, ಸಾಲುಗಳನ್ನು ಹಿಂದೆ ಮುಂದೆ ಮಾಡುವಾಗ, 'ಸುಖಾಗಮನ ಬಯಸುವವರು' ಎಂಬ ಕಡೆ ತಮ್ಮನ ಹೆಸರೇ ಬಿಟ್ಟುಹೋಯಿತು. ಕಾಗದವೆಲ್ಲ ಅಚ್ಚಾಗಿ ಒಣಗಿದ ಮೇಲೆ ಕಂಡಿತು. ದೀಪದ ಬುಡದಲ್ಲಿ ಕತ್ತಲು. ಇನ್ನೊಮ್ಮೆ ಅಚ್ಚು ಹಾಕಬಹುದಿತ್ತು. ಅವನೂ ಅಚ್ಚಿನ ಮನೆಯಲ್ಲೇ ಹುಟ್ಟಿದವನು, ಹೊಟ್ಟೆಗೆ ಹಾಕಿಕೊಳ್ಳುತ್ತಾನೆ ಎಂದು ಹಾಗೆಯೇ ಹಂಚಿಬಿಟ್ಟೆ. ಅವನು ಮದುವೆಗೆ ಬರಲಿಲ್ಲ. ಊರವರ ಹೆಸರೆಲ್ಲ ತಿದ್ದುವವನಿಗೆ ತಮ್ಮನ ಹೆಸರು ಕಾಣಲಿಲ್ಲವೇ ಎಂದು ಯಾರದೋ ಮುಂದೆ ಅಂದನಂತೆ. ಅವನು ಅಂದದ್ದು ಖರೆ. ಖರೆ ಮಾತಿಗೇ ನನಗೆ ಸಿಟ್ಟು ಬಂತು. ನಾನು ಹೋಗಲಿಲ್ಲ, ಅವನು ಬರಲಿಲ್ಲ, ವರ್ಷಗಳು ಉರುಳಿದವು.

ಸಾಹೇಬರು ತಿಂಗಳಿಗೊಂದು ಗುರುವಾರ ಶಿರಹಟ್ಟಿ ಮೇಲೆ ಹೋಗುವ ಬಸ್ಸು ಹತ್ತಿ ಲಕ್ಷ್ಮೇಶ್ವರದ ದರ್ಗಾಕ್ಕೆ ಹೋಗುತ್ತಿದ್ದರು. ಬರುವಾಗ ತಮ್ಮನ ಅಂಗಡಿಯಲ್ಲಿ ಕೂತು ಬರುತ್ತಿದ್ದರೆಂಬುದು ನನಗೆ ಗೊತ್ತಿತ್ತು. ಅವರು ಎಂದೂ ಆ ಮಾತು ತೆಗೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರು ಬಂದಾಗ ಮುಖ ಬಾಡಿತ್ತು. ಚಹಾ ಬೇಡವೆಂದರು. ಮಿಕೋಲಪ್ಪ ತೀರಿಕೊಂಡನೆಂದು ಅವನ ಮಗಳಿಂದ ಖಬರ ಬಂದಿತ್ತು. ಗುಂಡಿಗೆ ಬಲಿಯಾದದ್ದಲ್ಲ. ಬಾಂಬು ಬಿದ್ದು ಕರೆಂಟು ಹೋದ ಮನೆಯಲ್ಲಿ ಚಳಿಗೆ ಎದೆ ಹಿಡಿದುಕೊಂಡಿತಂತೆ. ವಾರದ ಮೇಲೆ ವಿಕ್ಟರಪ್ಪನ ಫೋನು ಬಂತು. ಎಂದಿನಂತೆ ಅಲ್ಲಿಯವನು ಹೇಗಿದ್ದಾನೆ ಎಂದ. ಇವರು ಹೇಳಿದರು. ಹೇಳಿದ ಮೇಲೆ ತಡೆಯಲಾಗದೆ ಇನ್ನೊಂದನ್ನೂ ಹೇಳಿದರು, ಅವನು ಪ್ರತಿ ಸಲ ನಿನ್ನ ಬೆನ್ನುನೋವು ಕೇಳುತ್ತಿದ್ದ ಎಂದು.

'ವಿಕ್ಟರಪ್ಪ ಒಂದ ಮಾತು ಕೇಳಿದ' ಎಂದರು ಸಾಹೇಬರು. 'ಇದನ್ನ ಅಂವ ಬದುಕಿದ್ದಾಗ ಯಾಕ ಹೇಳಲಿಲ್ಲ ಅಂದ. ಹೇಳಬ್ಯಾಡ ಅಂದಿದ್ದ, ಹೇಳಲಿಲ್ಲ. ಇಷ್ಟ. ಫೋನ್ ಇಟ್ಟಾಂವ ಮತ್ತ ಎತ್ತವಲ್ಲ.'

ಆಮೇಲೆ ಅವರು ಜೇಬಿನ ಆ ಉಕ್ಕಿನ ಎಲೆಗಳನ್ನು ಸುಮ್ಮನೆ ಬಿಡಿಸುತ್ತ ಮಡಿಸುತ್ತ ಕೂತರು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರೇ ತಲೆ ಎತ್ತಿದರು.

'ನಿಮ್ಮ ತಮ್ಮ ನಿಮ್ಮನ್ನ ಕೇಳ್ತಾನ್ರಿ. ಹೋದಾಗೊಮ್ಮೆ ಕೇಳ್ತಾನ. ಅಣ್ಣ ಹೆಂಗದಾನ ಅಂತಾನ. ಹೇಳಬ್ಯಾಡ್ರಿ ಅಂದಾನ. ಆದ್ರ ನಾ ಹೇಳಾಕ್ಹತ್ತೀನಿ.'

ಆ ಹೊತ್ತಿನಲ್ಲಿ ನಾನು ಒಂದು ಒಳ್ಳೆಯ ಮಾತು ಆಡಬಹುದಿತ್ತು. ಏನೂ ಆಡದೆ ಕೂತಿದ್ದರೂ ಆಗುತ್ತಿತ್ತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಎದುರಿಗಿರುವ ಮನುಷ್ಯ ಯಾವ ನೋವಿನಿಂದ ಆ ಮಾತು ಹೇಳುತ್ತಿದ್ದಾರೆ ಎಂಬುದನ್ನೂ ನೋಡಲಿಲ್ಲ.

'ಕೇಳೂದಿದ್ರ ಅಂವ ಬಂದು ಕೇಳ್ಲಿ' ಎಂದೆ. 'ನಡುವ ನಿಮಗ್ಯಾಕ ಬೇಕಾಗೇತಿ? ನಮ್ಮನಿ ಏನ್ ನಿಮ್ಮ ಹಡಗಾ ಅಲ್ಲ.'

ಸಾಹೇಬರು ಎಲೆಗಳನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು. ಮಶೀನಿನ ಹತ್ತಿರ ಹೋಗಿ ಒಂದು ಗಳಿಗೆ ಕಿವಿಗೊಟ್ಟು ನಿಂತರು, ಆಮೇಲೆ ಮೆಟ್ಟಿಲು ಇಳಿದು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಎರಡು ಸಲ ಚಹಾದಂಗಡಿಯ ಹತ್ತಿರ ಅವರನ್ನು ಕಂಡೆ. ಅವರು ನನ್ನನ್ನು ಕಂಡರೋ ಇಲ್ಲವೋ, ನಾನೇ ಪೇಪರು ಓದುವ ನೆಪದಲ್ಲಿ ಮುಖ ತಿರುಗಿಸಿದೆ. ನಾಳೆ ಮಾತಾಡಿಸಿದರಾಯಿತು, ಎಲ್ಲಿ ಹೋಗುತ್ತಾರೆ ಎಂದುಕೊಂಡೆ. ಹೀಗೆ ಅಂದುಕೊಂಡು ಅಂದುಕೊಂಡೇ ನಾನು ತಮ್ಮನನ್ನೂ ಕಳೆದುಕೊಂಡಿದ್ದೆ ಎಂಬುದು ಆಗಲೂ ಹೊಳೆಯಲಿಲ್ಲ.

ಸಾಹೇಬರ ಮಣ್ಣಿಗೆ ಹೋದ ದಿನ ಬೆಟಗೇರಿಯ ಅರ್ಧ ಊರೇ ಬಂದಿತ್ತು. ಲೇಥಿನವರು, ಮಗ್ಗದವರು, ಚಹಾದಂಗಡಿಯ ಗೆಳೆಯರೆಲ್ಲ ಇದ್ದರು. ನೌಕಾಪಡೆಯ ಕಡೆಯಿಂದ ಯಾರೂ ಇರಲಿಲ್ಲ, ಇರಬೇಕೆಂದೂ ಅವರು ಬಯಸುತ್ತಿರಲಿಲ್ಲ. ವಿಕ್ಟರಪ್ಪನಿಗೆ ಖಬರ ಮುಟ್ಟಿಸಲು ಸಾಹೇಬರ ಅಳಿಯ ಫೋನು ಹಚ್ಚಿ ನೋಡಿದನಂತೆ, ಎತ್ತಲಿಲ್ಲವಂತೆ. ಎಲ್ಲರಂತೆ ನಾನೂ ಸಾಲಿನಲ್ಲಿ ನಿಂತು ಮೂರು ಹಿಡಿ ಮಣ್ಣು ಹಾಕಿದೆ. ಒಂದು ಮಾತು ಮಾತಾಡಿಸದೆ ಕಳಿಸಿದೆನಲ್ಲ ಎಂದು ದುಃಖ ಉಕ್ಕಿಬಂತು. ಅಳುವುದನ್ನು ಯಾರೂ ನೋಡಬಾರದೆಂದು ಗೋಡೆಯ ಕಡೆ ಸರಿದು ನಿಂತೆ.

ಅಲ್ಲಿಗೆ ನನ್ನ ತಮ್ಮ ಬಂದ. ಕೂದಲು ನೆರೆತಿತ್ತು. ಕೈಗೆ ಇನ್ನೂ ಮಣ್ಣು ಹತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅವನು ನನ್ನನ್ನು ಅಣ್ಣಾ ಎಂದು ಕರೆದ.

'ಅಣ್ಣಾ, ಹೋದ ಚಳಿಗಾಲದಿಂದ ಸಾಹೇಬ್ರು ಪ್ರತಿ ತಿಂಗಳಾ ಹೇಳ್ತಿದ್ರು, ನೀ ನನ್ನ ಕೇಳ್ತಿ ಅಂತ. ನಾ ಕೇಳಿದೆ ಅಂತ ಹೇಳಬ್ಯಾಡ ಅಂದಾನ ನಿಮ್ಮಣ್ಣ, ಆದ್ರೂ ನಾ ಹೇಳ್ತೀನಿ ಅಂತಿದ್ರು. ಹೋದ ತಿಂಗಳಾನೂ ಹೇಳಿದ್ರು. ಸಣ್ಣಾಂವ ನಾನು, ನಾನ ಬರಬೇಕಾಗಿತ್ತು. ಬರ್ಲಿಲ್ಲ. ತಪ್ಪಾತು.'

ಸಾಹೇಬರು ತೀರಿಕೊಳ್ಳುವ ಹಿಂದಿನ ತಿಂಗಳು ಎಂದರೆ, ನಾನು ಅವರನ್ನು ಕಂಡು ಮುಖ ತಿರುಗಿಸುತ್ತಿದ್ದ ದಿನಗಳು. ಆಗಲೂ ಆ ಮನುಷ್ಯ ಬಸ್ಸು ಹತ್ತಿ ಹೋಗಿ ನನ್ನ ಪರವಾಗಿ ನನ್ನ ತಮ್ಮನ ಕ್ಷೇಮ ಕೇಳಿ ಬಂದಿದ್ದರು. ತಮ್ಮ ನಿಜವಾಗಿ ನನ್ನನ್ನು ಕೇಳುತ್ತಿದ್ದನೋ ಅಥವಾ ಅದನ್ನೂ ಸಾಹೇಬರೇ ಹುಟ್ಟಿಸಿ ಹೇಳಿದ್ದರೋ, ನನಗೆ ಗೊತ್ತಿಲ್ಲ. ಅದನ್ನು ಕೇಳುವ ಮುಖವೂ ನನಗಿರಲಿಲ್ಲ. ನನ್ನ ವಿಷಯ ಮಾತ್ರ ನನಗೆ ಚೆನ್ನಾಗಿ ಗೊತ್ತು.

ಅವನು ನನ್ನ ಕೈ ಹಿಡಿದುಕೊಂಡು ಉತ್ತರಕ್ಕೆ ಕಾಯುತ್ತಿದ್ದ. ಹೌದು, ಕೇಳುತ್ತಿದ್ದೆ ಎಂದೆ. ಇಷ್ಟು ವರ್ಷಗಳಲ್ಲಿ ನಾನು ಒಂದೇ ಒಂದು ಸಲವೂ ಕೇಳಿರಲಿಲ್ಲ. ಒಂದು ಸಲ ಕೇಳಿದ್ದರೂ ಸಾಹೇಬರ ಮಾತು ಖರೆಯಾಗುತ್ತಿತ್ತು.